ಒಳಹಾಳೆಯ ಅಂಚು

ನವೆಂಬರ್ 21, ಶುಕ್ರವಾರ

ಯತ್ತಪ್ಪನಹಳ್ಳಿ ವಾರ್ಡಿನ ಗ್ರಾಮ ಪಂಚಾಯಿತಿ ಉಪಚುನಾವಣೆಗೆ ನಿಂತಿರುವ ಸುಮಿತ್ರಾ ಅವರ ವಿರುದ್ಧ ಹೆಸರಿಲ್ಲದ ಕರಪತ್ರವೊಂದು ಇಂದು ಬೆಳಗಾಗುವ ಮೊದಲೇ ಊರಿನ ಎಲ್ಲ ಮನೆಗಳ ಹೊಸ್ತಿಲಿಗೆ ಬಿದ್ದಿದೆ. ತಿಳಿಸಿದವನು ಹಾಲಿನ ವ್ಯಾನಿನ ದುರ್ಗೇಶ್. ಒಂದು ಪ್ರತಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ನನಗೆ ತೋರಿಸಿ ವಾಪಸ್ ಇಸಿದುಕೊಂಡ.

ಕರಪತ್ರದ ಮಾತು ಇಷ್ಟು: "ಕಟ್ಟಿಕೊಂಡವನನ್ನು ಮಾರಿಕಣಿವೆ ಹಿನ್ನೀರಿಗೆ ನೂಕಿದ ಕೈಗೆ ಊರಿನ ನೀರಿನ ಉಸ್ತುವಾರಿ ಕೊಡುತ್ತೀರಾ?" ಕೆಳಗೆ ಸುಮಿತ್ರಾ ಅವರ ಫೋಟೊ. ಯಾವುದೋ ಸಮಾರಂಭದ ಗುಂಪುಫೋಟೊದಿಂದ ಕತ್ತರಿಸಿದ್ದು. ನಗುತ್ತಿದ್ದಾರೆ.

ಸತ್ಯಾಂಶ ಬೇರೆ. ಅವರ ಗಂಡ ಮುದ್ದಣ್ಣ ತೀರಿಕೊಂಡದ್ದು ಮಾರಿಕಣಿವೆ ಅಣೆಕಟ್ಟು ತುಂಬಿ ಕೋಡಿ ಬಿದ್ದ ವರ್ಷ. ಹಿನ್ನೀರು ಹೊಲಕ್ಕೆ ನುಗ್ಗಿದಾಗ ಪಂಪ್‌ಸೆಟ್ಟಿನ ಮೋಟರ್ ಬಿಚ್ಚಿ ತರಲು ಇಳಿದು ಮುಳುಗಿದರು. ಹೆಂಡತಿ ದಡದಲ್ಲಿ ಹಗ್ಗ ಹಿಡಿದು ನಿಂತಿದ್ದರು. ಆಕಸ್ಮಿಕ ಸಾವೆಂದು ದಾಖಲಾಗಿದೆ. ನಾನಾಗ ಚಿತ್ರದುರ್ಗದಲ್ಲಿ ಪತ್ರಿಕೆಯೊಂದರ ಪುಟವಿನ್ಯಾಸ ವಿಭಾಗದಲ್ಲಿದ್ದೆ. ಆ ಸುದ್ದಿಯನ್ನು ಮೂರನೇ ಪುಟದಲ್ಲಿ ಒಂಟಿ ಕಾಲಂ ಮಾಡಿ ಕೂರಿಸಿದವನು ನಾನೇ.

ಚುನಾವಣೆಯ ಕರಪತ್ರದ ಅಡಿಯಲ್ಲಿ ಮುದ್ರಕರ ಹೆಸರು ಇರಬೇಕು. ಇದರಲ್ಲಿ ಇಲ್ಲ. ಕಾಗದ ಒಳ್ಳೆಯ ಆರ್ಟ್ ಪೇಪರ್, ಹಳ್ಳಿಯ ಕರಪತ್ರಕ್ಕೆ ಯಾರೂ ಬಳಸದಂಥದ್ದು. ಅಕ್ಷರ ಬರೀ ಕಪ್ಪು. ಆದರೆ ಎಡ ಅಂಚಿನುದ್ದಕ್ಕೂ ಅಕ್ಕಿಕಾಳಿನಷ್ಟು ಅಗಲದ ಬಣ್ಣದ ಪಟ್ಟಿ ಉಳಿದುಕೊಂಡಿದೆ. ಕಡುಗೆಂಪು ನೆಲ, ಅದರ ಮೇಲೆ ಅರಿಶಿನ ಬಣ್ಣದ ಹಕ್ಕಿಬಾಲದ ತುದಿಗಳು.

ಆ ಬಾಲಗಳನ್ನು ಬರೆದವನು ನಾನು.

ನಮ್ಮ ಪ್ರೆಸ್ಸಿನ ಮಾಲೀಕ ಹನುಮೇಶ್ ಅವರ ಮಗಳು ಶಾಲಿನಿಯ ಮದುವೆ ಡಿಸೆಂಬರ್ ಐದಕ್ಕೆ. ಶಿವಕಾಶಿಯಿಂದ ಬರುವ ಸಿದ್ಧ ಕಾರ್ಡು ಬೇಡ, ನೀನೇ ಏನಾದರೂ ಮಾಡು ಎಂದಿದ್ದರು. ಲಗ್ನಪತ್ರಿಕೆಯ ಒಳಹಾಳೆಗೆ ಸುತ್ತ ಅಂಚುಚಿತ್ರ ಬರೆದೆ. ದಾಳಿಂಬೆ ಹೂವಿನ ಬಳ್ಳಿ, ನಡುನಡುವೆ ಗೊರವಂಕ ಹಕ್ಕಿ. ಮೂರು ವಾರ ಪೆನ್ಸಿಲಿನಲ್ಲಿ ಬರೆದು, ಆಮೇಲೆ ಕಂಪ್ಯೂಟರಿಗೆ ಏರಿಸಿದ್ದು. ಶಾಲಿನಿ ಪಕ್ಕದಲ್ಲಿ ಕುಳಿತು ನೋಡುತ್ತಿದ್ದಳು. "ಎಲ್ಲಾ ಹಕ್ಕಿನೂ ಮುಂದಕ್ಕೇ ಹೋದ್ರೆ ಹೆಂಗಣ್ಣ? ಒಂದಾದ್ರೂ ಮನೆ ಕಡೆ ತಿರುಗ್ಲಿ" ಎಂದಳು. ಒಂದನ್ನು ತಿರುಗಿಸಿದೆ. ಪತ್ರಿಕೆಯಲ್ಲಿದ್ದ ಹದಿನೈದು ವರ್ಷ ಇನ್ನೊಬ್ಬರ ಫೋಟೊ, ಇನ್ನೊಬ್ಬರ ಸುದ್ದಿಯನ್ನು ಚೌಕಟ್ಟಿಗೆ ಕೂರಿಸಿದವನು ನಾನು. ನನ್ನದು ಎಂದು ಹೇಳಬಹುದಾದ ಕೆಲಸ ಇದೊಂದೇ. ಹೆಂಡತಿ ಸುಷ್ಮಿತಾ ಪೆನ್ಸಿಲ್ ಪ್ರತಿಗೆ ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ನೇತುಹಾಕಿದ್ದಾಳೆ.

ಆ ಚಿತ್ರ ಕರಪತ್ರದ ಅಂಚಿಗೆ ಹೇಗೆ ಬಂತು ಎಂಬುದು ತಿಳಿಯಬೇಕಿದೆ.

ನವೆಂಬರ್ 22, ಶನಿವಾರ

ಕರಪತ್ರ ಅಚ್ಚಾದದ್ದು ನಮ್ಮ ನವಚಿತ್ರ ಆಫ್‌ಸೆಟ್‌ನಲ್ಲೇ. ದೃಢಪಡಿಸಿದವರು ಮಷಿನ್ ನಡೆಸುವ ಮೂರ್ತಪ್ಪಣ್ಣ.

ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕೇಳಿದೆ. "ಶಾಲಿನಿ ಪತ್ರಿಕೆ ಶೀಟಿನಾಗೆ ಇನ್ನರ್ಧಕ್ಕೆ ಏನು ಹೊಡೆದ್ರಿ?"

"ನೀನೇ ಜಾಗ ಬಿಟ್ಟಿದ್ಯಲ್ಲಪ್ಪ."

"ರಸೀದಿ ಪುಸ್ತಕಕ್ಕೆ ಅಂದಿದ್ರು."

"ಹೂಂ, ರಸೀದಿನೇ. ಮುದ್ದಣ್ಣ ಸತ್ತಿದ್ದಕ್ಕೆ ಹೆಂಡ್ತಿಗೆ ಕೊಟ್ಟ ರಸೀದಿ." ರೊಟ್ಟಿ ಮುರಿದು ಪಲ್ಯಕ್ಕೆ ಒತ್ತಿದರು. "ಕಪ್ಪು ಶಾಯಿ ಪ್ಲೇಟಿನಾಗೆ ಅದನ್ನ ಸೇರಿಸ್ಕಂಡು ಬಂದಿದ್ರು ಮಾಲೀಕ್ರು, ಚಿತ್ರದುರ್ಗದಿಂದ. ಮಷಿನ್ ಮ್ಯಾಲೆ ಏರಿದ್ಮೇಲೆ ಓದ್ದೆ. ಅಷ್ಟೊತ್ತಿಗೆ ಅರ್ಧ ಹೊಡ್ದಾಗಿತ್ತು."

"ನಿಲ್ಲಿಸ್ಬೋದಿತ್ತಲ್ಲ."

"ಮಗಳ ಲಗ್ನಪತ್ರಿಕೆ ಅರ್ಧಕ್ಕೆ ನಿಲ್ಲಿಸ್ತಾರೇನಪ್ಪ? ಹೊಡ್ದೆ. ಕಟಿಂಗ್ ಮಾತ್ರ ನಾ ಮಾಡಲ್ಲ ಅಂದೆ. ಅವ್ರೇ ಮಾಡ್ಕಂಡ್ರು. ಜಲ್ಮಕ್ಕೆ ಕತ್ರಿ ಹಿಡಿದಿಲ್ಲ, ಆ ಮನುಷ್ಯ."

ಹೀಗಾಗಿರುವುದು ತಪ್ಪು. ಕತ್ತರಿ ಕೂದಲೆಳೆಯಷ್ಟು ಸರಿದರೂ ಬಿಳಿ ಅಂಚು ಕಾಣಬಾರದೆಂದು ಚಿತ್ರವನ್ನು ಕತ್ತರಿಸುವ ಗೆರೆಯಾಚೆಗೂ ಸ್ವಲ್ಪ ಹರಿಯಬಿಡುತ್ತೇವೆ. ಅದಕ್ಕೆ ಬ್ಲೀಡ್ ಎನ್ನುತ್ತಾರೆ. ಒಂದೇ ಶೀಟಿನಲ್ಲಿ ಎರಡು ಕೆಲಸ ಸೇರಿಸಿದರೆ ನಡುವೆ ಓಣಿಯಂತೆ ಖಾಲಿ ಜಾಗ ಬಿಡಬೇಕು, ಕತ್ತರಿಯನ್ನು ಓಣಿಯ ಈಚೆಗೊಮ್ಮೆ ಆಚೆಗೊಮ್ಮೆ ಹಾಕಬೇಕು. ನಾನು ಓಣಿ ಬಿಟ್ಟಿದ್ದೆ. ಆಮೇಲೆ ಸೇರಿಸಿದವರು ಕರಪತ್ರವನ್ನು ಎಳೆದು ದೊಡ್ಡದು ಮಾಡಿ ಓಣಿ ಮುಚ್ಚಿದ್ದಾರೆ. ಹನುಮೇಶ್ ಅವರು ಒಂದೇ ಏಟಿಗೆ ಕತ್ತರಿಸಿದ್ದಾರೆ. ಹಕ್ಕಿಯ ಮೈ ಲಗ್ನಪತ್ರಿಕೆಗೆ ಹೋಯಿತು, ಬಾಲದ ತುದಿ ಕರಪತ್ರಕ್ಕೆ.

ಪ್ಲೇಟುಗಳು ಅಂದೇ ಗುಜರಿಗೆ ಹೋಗಿವೆ.

ನವೆಂಬರ್ 23, ಭಾನುವಾರ

ಮತದಾನ ಶಾಂತಿಯುತ. ಮನೆಯಲ್ಲೇ ಇದ್ದೆ.

ನವೆಂಬರ್ 24, ಸೋಮವಾರ

ಹನುಮೇಶ್ ಅವರು ಒಪ್ಪಿಕೊಂಡರು. ನಾನು ಕೇಳಿದ್ದು ನೇರವಾಗಿ, ಅವರು ಹೇಳಿದ್ದೂ ನೇರವಾಗಿ.

"ಸುಮಿತ್ರಾ ಎದುರಿಗೆ ನಿಂತೋರು ಯಾರು? ಶಿವಯ್ಯ. ಶಿವಯ್ಯ ಯಾರು? ನನ್ ಬೀಗ. ನಾಳೆ ನನ್ ಮಗಳನ್ನ ಬಾಳ್ಸೋ ಮನೆಯೋರು ಬಂದು, ಹನುಮೇಶಣ್ಣ, ಇದೊಂದು ಹೊಡ್ದು ಕೊಡ್ರಿ ಅಂದ್ರೆ, ಇಲ್ಲ ಅನ್ನಾಕಾಗ್ತದೇನಪ್ಪ?"

"ಅದ್ರಾಗೆ ಬರ್ದಿರೋದು ಸುಳ್ಳು ಸರ್."

"ಎಲೆಕ್ಷನ್ ಕರಪತ್ರದಾಗೆ ನಿಜ ಬರೀತಾರಾ? ನೀನು ಪೇಪರ್‌ನಾಗೆ ಇದ್ದೋನು, ನಂಗೇ ಕೇಳ್ತೀಯ."

ಇದು ಸಮಜಾಯಿಷಿಯಲ್ಲ. ಸುಮಿತ್ರಾ ಅವರಿಗೆ ಆಗಿರುವುದು ಅನ್ಯಾಯ. ಪತ್ರಿಕೆಯವರು ವಿಭಾಗ ಮುಚ್ಚಿ ನಾನು ಮನೆಯಲ್ಲಿ ಕುಳಿತಿದ್ದಾಗ ಕರೆದು ಕೆಲಸ ಕೊಟ್ಟವರು ಹನುಮೇಶ್ ಅವರು, ನಿಜ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ನವೆಂಬರ್ 26, ಬುಧವಾರ

ಶಿವಯ್ಯ ಹನ್ನೊಂದು ಮತಗಳಿಂದ ಗೆದ್ದಿದ್ದಾರೆ. ಫಲಿತಾಂಶವನ್ನು ದುರ್ಗೇಶ್ ಫೋನ್ ಮಾಡಿ ತಿಳಿಸಿದ. ಆ ಫೋನ್ ಇಡುವಷ್ಟರಲ್ಲಿ ಸುಮಿತ್ರಾ ಅವರೇ ಪ್ರೆಸ್ಸಿನ ಬಾಗಿಲಲ್ಲಿ ನಿಂತಿದ್ದರು. ಅವರನ್ನು ಎದುರಿಗೆ ನೋಡಿದ್ದು ಇದೇ ಮೊದಲು. ಫೋಟೊದಲ್ಲಿ ಕಂಡದ್ದಕ್ಕಿಂತ ಚಿಕ್ಕ ಪ್ರಾಯ.

"ಹನುಮೇಶಣ್ಣ ಇಲ್ವಾ?"

"ಜವಳಿಗೆ ಹೋಗ್ಯಾರೆ, ಹಿರಿಯೂರಿಗೆ. ಕುಂತ್ಕಳ್ರಿ ಅಕ್ಕ."

"ಕುಂತ್ಕಳಾಕೆ ಬಂದಿಲ್ಲ."

ಚೀಲದಿಂದ ಲಗ್ನಪತ್ರಿಕೆ ತೆಗೆದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದು. "ಇದನ್ನ ಹನುಮೇಶಣ್ಣ ಗಂಡಹೆಂಡ್ತಿ ಮನೆತಂಕ ಬಂದು ಕೊಟ್ಟಿದ್ದು. ಕಾಫಿ ಕುಡ್ದು, ಅಕ್ಷತೆಗೆ ತಪ್ಪಿಸ್ಬಾರ್ದು ಅಂತ ಹೇಳಿ ಹೋದ್ರು." ಒಳಹಾಳೆಯನ್ನು ಎಳೆದು ಮೇಜಿನ ಮೇಲಿಟ್ಟರು. ಪಕ್ಕಕ್ಕೆ ಕರಪತ್ರ ಇಟ್ಟು ಬೆರಳಿನಿಂದ ಸರಿಸಿದರು. ಅಂಚಿಗೆ ಅಂಚು ಕೂಡಿತು. ಗೊರವಂಕಗಳಿಗೆ ಬಾಲ ಬಂತು.

"ಮೊದ್ಲು ಕಂಡಿದ್ದು ನಂಗಲ್ಲ" ಎಂದರು. "ಪಕ್ಕದ ಮನೆ ಪುಟ್ಟಕ್ಕಜ್ಜಿಗೆ. ಓದಾಕೆ ಬರಲ್ಲ ಅವಳಿಗೆ. ನನ್ ಬಗ್ಗೆ ಏನ್ ಬರ್ದೈತೆ ಅಂತಾನೂ ಗೊತ್ತಿಲ್ಲ, ಬಣ್ಣ ನೋಡ್ಕಂಡು ಕುಂತಿದ್ಲು. ಈಗ ಊರಿನಾಗೆ ಮನೆಮನೆನಾಗೂ ಇದೇ ಆಟ. ಎಲ್ರ ಮನೆಗೂ ಲಗ್ನಪತ್ರಿಕೆ ಬಂದೈತಲ್ಲ, ಎಲ್ರೂ ಜೋಡಿಸ್ಕಂಡು ನೋಡ್ತಾ ಕುಂತವ್ರೆ."

ನಾನು ಮೇಜಿನ ಮೇಲಿದ್ದ ಬಿಲ್ಲುಗಳನ್ನು ಜೋಡಿಸತೊಡಗಿದೆ.

"ಇದನ್ನ ಬರ್ದೋರು ಯಾರಣ್ಣ?"

"ಕರಪತ್ರ ಯಾರು ಬರ್ದ್ರು ಅಂತ ನಂಗೊತ್ತಿಲ್ಲ ಅಕ್ಕ."

"ಅದು ನಂಗೆ ಗೊತ್ತೈತೆ. ಹಕ್ಕಿ ಯಾರು ಬರ್ದಿದ್ದು ಅಂತ ಕೇಳ್ದೆ."

"ನಾನು."

"ಕೈಯಾಗೆ?"

"ಕೈಯಾಗೆ. ಬೇರೆ ಯಾರಿಗೂ ಕೊಟ್ಟಿಲ್ಲ."

ಅವರು ಹಾಳೆಯನ್ನೇ ನೋಡುತ್ತಿದ್ದರು. "ಚೆಂದಾಗಿ ಬರ್ದೀರ. ಈಗ ಹೇಳಿದ್ರಲ್ಲ, ಅಷ್ಟನ್ನೇ ತಾಲ್ಲೂಕು ಆಫೀಸಿನಾಗೆ ಒಂದ್ಸಲ ಹೇಳ್ರಿ. ನಂಗೆ ಮೆಂಬರ್‌ಗಿರಿ ಬ್ಯಾಡ. ನನ್ ಮಗಳು ಅದನ್ನ ಸ್ಕೂಲಿನಾಗೆ ಓದ್ಕಂಡು ಬಂದ್ಲು. ಮನೆಗೆ ಬಂದು, ಅವ್ವ, ಹಗ್ಗ ನೀನೇ ಬಿಟ್ಯಾ ಅಂತ ಕೇಳಿದ್ಲು. ಇದು ಸುಳ್ಳು, ಇಂಥೋರು ಹೊಡೆದಿದ್ದು ಅಂತ ಸರ್ಕಾರದ ಕಾಗದದಾಗೆ ಬರ್ಲಿ. ಅವಳಿಗೆ ತೋರಿಸ್ತೀನಿ."

ಹೇಳುತ್ತೇನೆ ಎಂದೆ. ಮಾತು ಕೊಟ್ಟದ್ದು ದಾಖಲಾಗಿರಲಿ ಎಂದೇ ಇಲ್ಲಿ ಬರೆಯುತ್ತಿದ್ದೇನೆ.

ನವೆಂಬರ್ 28, ಶುಕ್ರವಾರ

ಸುಮಿತ್ರಾ ದೂರು ಕೊಟ್ಟಿದ್ದಾರೆ. ವಿಚಾರಣಾಧಿಕಾರಿ ಇಂದು ಪ್ರೆಸ್ಸಿಗೆ ಬಂದಿದ್ದರು. ಮೂರ್ತಪ್ಪಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹನುಮೇಶ್ ಅವರು, ಆ ದಿನ ಬರೀ ಲಗ್ನಪತ್ರಿಕೆ ಅಚ್ಚಾಗಿದ್ದು, ಉಳಿದರ್ಧ ಖಾಲಿ ಶೀಟು ಎಂದರು. ಅಧಿಕಾರಿ ನನ್ನ ಕಡೆ ತಿರುಗುವಷ್ಟರಲ್ಲಿ ಅವರಿಗೆ ಫೋನ್ ಬಂತು. ನನ್ನ ಹೇಳಿಕೆ ಸೋಮವಾರಕ್ಕೆ ಹೋಯಿತು.

ಅಧಿಕಾರಿಯ ಪ್ರಶ್ನೆ ಸರಿಯಾಗಿದೆ. ಈ ಅಂಚುಚಿತ್ರ ಈ ಪ್ರೆಸ್ಸಿನಲ್ಲಿ ಮಾತ್ರ ಇರುವುದೋ, ಎಲ್ಲೆಡೆ ಸಿಗುವಂಥದ್ದೋ? ಇಲ್ಲಿ ಮಾತ್ರ ಇದ್ದರೆ ಕರಪತ್ರ ಇಲ್ಲಿಯದೇ. ಎಲ್ಲೆಡೆ ಸಿಗುವಂಥದ್ದಾದರೆ ದೂರು ಬಿದ್ದುಹೋಗುತ್ತದೆ.

ಅವರು ಹೋದ ಮೇಲೆ ಹನುಮೇಶ್ ಅವರು ಮೂರ್ತಪ್ಪಣ್ಣನಿಗೆ, "ನಾಳೆಯಿಂದ ಬರಬ್ಯಾಡ" ಎಂದರು. ಅವರು ಮಷಿನ್ನಿನ ರೋಲರುಗಳನ್ನು ತೊಳೆದು, ಕೈ ಒರೆಸಿಕೊಂಡು ಹೋದರು. ತೊಳೆಯದೆ ಹೋಗಬಹುದಿತ್ತು.

ನವೆಂಬರ್ 29, ಶನಿವಾರ

ಹನುಮೇಶ್ ಅವರು ಒಳಗೆ ಕರೆದು ಟೀ ತರಿಸಿದರು.

"ನಿಂಗೆ ಸುಳ್ಳು ಹೇಳು ಅಂತ ನಾ ಹೇಳ್ತಿಲ್ಲ ಚೇತನ್. ಒಂದೇ ಮಾತು ಕೇಳ್ತೀನಿ. ಹೂಬಳ್ಳಿ, ಹಕ್ಕಿ, ಇಂಥ ಬಾರ್ಡರ್ ನೆಟ್ಟಿನಾಗೆ ಸಿಗ್ತಾವೋ ಇಲ್ವೋ?"

"ಇಂಥವು ಸಿಗ್ತಾವೆ. ಆದ್ರೆ ಇದು..."

"ಇದು ಅದು ಬ್ಯಾಡ. ಇಂಥವು ಸಿಗ್ತಾವೆ ಅಂದ್ಯಲ್ಲ, ಅಲ್ಲಿಗೆ ನಿಲ್ಸು. ಮದ್ವೆ ಐದಕ್ಕೆ ಐತೆ. ಬೀಗ್ರ ಹೆಸ್ರು ಕೇಸಿನಾಗೆ ಬಂದ್ರೆ ಅವ್ರು ಚಪ್ಪರದ ಕಂಬ ನೆಡ್ತಾರಾ? ಶಾಲಿನಿ ನಿಂಗೂ ತಂಗಿ ಇದ್ದಂಗೆ."

ಆ ಮಾತಿನಲ್ಲಿ ತರ್ಕವಿದೆ. ಕರಪತ್ರಕ್ಕೂ ಆ ಹುಡುಗಿಗೂ ಸಂಬಂಧವಿಲ್ಲ. ಮದುವೆ ನಿಂತರೆ ಸುಮಿತ್ರಾಗೂ ಲಾಭವಿಲ್ಲ. ಮದುವೆ ಮುಗಿಯುವವರೆಗೆ ಮಾತ್ರ ಹೀಗಿರಲಿ. ಆಮೇಲೆ ಪೂರ್ತಿ ಹೇಳಿಕೆ ಕೊಡಬಹುದು.

ಮನೆಯಲ್ಲಿ ಇದನ್ನೇ ಹೇಳಿದೆ. ಸುಷ್ಮಿತಾ ತನ್ನ ಶಾಲೆಯ ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದಳು. ತಲೆ ಎತ್ತಲಿಲ್ಲ.

"ಮದ್ವೆ ಆಗಾತಂಕ ನೆಟ್ಟಿಂದು, ಆದ್ಮೇಲೆ ನಿಮ್ದು. ಹಕ್ಕಿಗೂ ತವರುಮನೆ ಗಂಡನಮನೆ ಐತೆ ಅಂದಂಗಾತು."

ಅವಳಿಗೆ ಪ್ರೆಸ್ಸಿನ ಒಳಗಿನ ಪರಿಸ್ಥಿತಿ ತಿಳಿಯದು.

ಡಿಸೆಂಬರ್ 1, ಸೋಮವಾರ

ಹೇಳಿಕೆ ಕೊಟ್ಟೆ. "ಇಂಥ ಅಂಚುಗಳು ಅಂತರ್ಜಾಲದಲ್ಲಿ ಸಿಗುತ್ತವೆ" ಎಂದಷ್ಟೇ ಹೇಳಿದೆ. ಅದು ನಿಜ. ಗುಮಾಸ್ತರು, "ಸದರಿ ಅಂಚುಚಿತ್ರವನ್ನು ಅಂತರ್ಜಾಲದಿಂದ ಪಡೆದಿದ್ದಾಗಿರುತ್ತದೆ" ಎಂದು ಬರೆದುಕೊಂಡು ಓದಿ ಹೇಳಿದರು. ಕಚೇರಿಯ ಭಾಷೆಯಲ್ಲಿ ಇಂಥ ಸಣ್ಣ ವ್ಯತ್ಯಾಸ ಸಹಜ. ಸಹಿ ಹಾಕಿದೆ.

ಡಿಸೆಂಬರ್ 2, ಮಂಗಳವಾರ

ನಡುಮನೆಯ ಗೋಡೆಯಲ್ಲಿ ತೇವ ಕಾಣಿಸಿ, ಚಿತ್ರದ ಕಟ್ಟು ಹಾಳಾಗಬಾರದೆಂದು ಇಳಿಸಿ ಅಟ್ಟದ ಮೇಲೆ ಇಟ್ಟೆ. ಸುಷ್ಮಿತಾ ಗೋಡೆಯನ್ನು ಅಂಗೈಯಿಂದ ಒತ್ತಿ ನೋಡಿದಳು. ಅದೇ ಮೊಳೆಗೆ ನಮ್ಮ ಪ್ರೆಸ್ಸಿನ ಹೊಸ ವರ್ಷದ ಕ್ಯಾಲೆಂಡರ್ ನೇತುಹಾಕಿದಳು.

ಡಿಸೆಂಬರ್ 5, ಶುಕ್ರವಾರ

ಶಾಲಿನಿಯ ಮದುವೆ ಚೆನ್ನಾಗಿ ನಡೆಯಿತು. ಸುಮಿತ್ರಾ ಬಂದಿದ್ದರು.

ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಆದರೆ ಮನೆಗೆ ಬಂದು ಕರೆದಿದ್ದಾರೆ, ಕರೆದ ಮೇಲೆ ಬರುವುದು ರೂಢಿ. ಒಬ್ಬರೇ ಬಂದು ಅಕ್ಷತೆ ಹಾಕಿ, ಉಡುಗೊರೆ ಕೊಡುವವರ ಸಾಲಿನಲ್ಲಿ ನಿಂತರು. ಅವರ ಹಿಂದೆ ಮುಂದೆ ಸಾಲು ಸ್ವಲ್ಪ ತೆಳ್ಳಗಾಯಿತು. ಶಿವಯ್ಯನವರು ವೇದಿಕೆಯ ಮೇಲೆ ಹೊಸ ಪಂಚೆ ಉಟ್ಟು ನಿಂತಿದ್ದರು. "ಬರ್ರಿ, ಬರ್ರಿ" ಎಂದರು, ಬೇರೆ ಕಡೆ ನೋಡುತ್ತ.

ಸುಮಿತ್ರಾ ಕುಪ್ಪಸದ ಕಣ ಮತ್ತು ಬಾಳೆಹಣ್ಣನ್ನು ಶಾಲಿನಿಯ ಕೈಗೆ ಇಟ್ಟರು. "ಪತ್ರಿಕೆ ಭಾಳ ಚೆಂದ ಮಾಡ್ಸೀರವ್ವ. ಯಾರು ಬರ್ದಿದ್ದು?"

ಫೋಟೊ ತೆಗೆಯುವವನು ಎಲ್ಲರೂ ಇತ್ತ ನೋಡಿ ಎಂದ. ಶಾಲಿನಿ ಕ್ಯಾಮೆರಾ ನೋಡಲಿಲ್ಲ, ಕೆಳಗೆ ಮೂರನೇ ಸಾಲಿನಲ್ಲಿ ಕುಳಿತಿದ್ದ ನನ್ನನ್ನು ನೋಡಿದಳು. ಆಮೇಲೆ ಅಪ್ಪನನ್ನು.

"ನಂಗೊತ್ತಿಲ್ಲ ಅಕ್ಕ. ಅಪ್ಪಾಜಿ ಮಾಡ್ಸಿದ್ದು."

"ಹಂಗಾ. ಚೆನ್ನಾಗಿ ಬಾಳು ತಾಯಿ."

ಊಟದ ಪಂಕ್ತಿಯಲ್ಲಿ ಅವರು ನೇರ ಬಂದು ನನ್ನ ಪಕ್ಕದ ಎಲೆಗೆ ಕುಳಿತರು. ಬೇರೆ ಎಲೆಗಳೂ ಖಾಲಿ ಇದ್ದವು.

"ನೆಟ್ಟಿಂದು ಅಂದ್ರಂತೆ."

"ಇಂಥವು ಸಿಗ್ತಾವೆ ಅಂತ ಹೇಳ್ದೆ."

"ಅದ್ರಾಗೆ ಒಂದ್ ಗೊರವಂಕ ಹಿಂದಕ್ಕೆ ನೋಡ್ತೈತೆ. ನಮ್ ಶಾಲಿನಿ ಮನೆ ಬಿಟ್ಟು ಹೋಗಾದು ನೆಟ್ಟಿನೋರಿಗೆ ಹೆಂಗೆ ಗೊತ್ತಾತು?"

ಇದು ಮದುವೆಮನೆಯಲ್ಲಿ ಕೇಳುವ ಪ್ರಶ್ನೆಯಲ್ಲ. ಅಷ್ಟರಲ್ಲಿ ಪಾಯಸ ಬಡಿಸುವವರು ಬಂದರು. ಅವರು ಹಾಕಿಸಿಕೊಂಡರು, ಊಟ ಪೂರ್ತಿ ಮಾಡಿದರು, ಎಲೆ ಮಡಚಿದರು. ಎದ್ದು ಹೋಗುವಾಗ, "ನನ್ ಮಗಳಿಗೆ ಏನ್ ಹೇಳ್ಲಿ ಅಂತ ನೀವೇ ಹೇಳ್ರಣ್ಣ" ಎಂದರು. ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

ಇಷ್ಟೆಲ್ಲ ಆದ ಮೇಲೂ ಮದುವೆಗೆ ಬರುವುದು ಒಂದು ಬಗೆಯ ಹಟ ಎಂದು ಹನುಮೇಶ್ ಅವರು ಹೇಳಿದರು. ಅದೂ ಇರಬಹುದು.

ಡಿಸೆಂಬರ್ 8, ಸೋಮವಾರ

ಮದುವೆ ಮುಗಿದಿದೆ. ಹೇಳಿಕೆ ಬದಲಿಸುವುದಾದರೆ ಈಗಲೇ ಬದಲಿಸಬೇಕು ಎಂದು ಸುಷ್ಮಿತಾ ಹೇಳಿದಳು. ಸಹಿ ಹಾಕಿದ ಹೇಳಿಕೆ ಬದಲಿಸಿದರೆ ಮೊದಲನೆಯದು ಸುಳ್ಳು ಎಂದಾಗುತ್ತದೆ, ಅದೂ ಅಪರಾಧವೇ ಎಂದು ವಿವರಿಸಿದೆ. ಹುಡುಗಿ ಹೊಸದಾಗಿ ಆ ಮನೆಗೆ ಹೋಗಿದ್ದಾಳೆ, ಮಾವನ ಮೇಲೆ ಕೇಸಾದರೆ ಅವಳ ಗತಿಯೇನು ಎಂದೂ ಹೇಳಿದೆ.

"ಮದ್ವೆ ಮುಂಚೆನೂ ಅವಳ ಹೆಸ್ರು, ಮದ್ವೆ ಆದ್ಮೇಲೂ ಅವಳ ಹೆಸ್ರು" ಎಂದಳು.



ಡಿಸೆಂಬರ್ 10, ಬುಧವಾರ

ವಿಚಾರಣಾಧಿಕಾರಿ ಚಿತ್ರದ ಮೂಲವನ್ನು ಕೇಳಿದ್ದಾರೆ. ಅಂತರ್ಜಾಲದಿಂದ ಇಳಿಸಿಕೊಂಡಿದ್ದರೆ ಇಳಿಸಿಕೊಂಡ ಫೈಲ್ ಇರಬೇಕಲ್ಲ, ತಂದು ಒಪ್ಪಿಸಿ ಎಂಬುದು ಅವರ ಸೂಚನೆ. ಒಂದು ಹಕ್ಕಿ ಮಾತ್ರ ಯಾಕೆ ಹಿಂದಕ್ಕೆ ತಿರುಗಿದೆ ಎಂದೂ ಕೇಳಿದರು. ಈ ಪ್ರಶ್ನೆಯನ್ನು ಅವರ ತಲೆಗೆ ಹಾಕಿದವರು ದೂರುದಾರರು ಎಂಬುದು ಸ್ಪಷ್ಟ.

ಹನುಮೇಶ್ ಅವರು, "ಫೈಲ್ ಐತೆ ಅಂತ ಹೇಳ್ಬಿಟ್ಟೆ ಕಣಪ್ಪ. ನೋಡ್ಕೋ" ಎಂದರು.

ಡಿಸೆಂಬರ್ 14, ಭಾನುವಾರ

ಫೈಲ್ ಸಿದ್ಧವಾಯಿತು. ಪ್ರೆಸ್ಸಿಗೆ ರಜೆ ಇದ್ದುದರಿಂದ ಯಾರೂ ಇರಲಿಲ್ಲ. ಬೆಳಿಗ್ಗೆ ಕುಳಿತವನು ಸಂಜೆಯೊಳಗೆ ಮುಗಿಸಿದೆ.

ಕೆಲಸದ ವಿವರ ಬರೆದಿಡುತ್ತೇನೆ. ನಾವು ಅಚ್ಚಿಗೆ ಮಾಡುವ ಚಿತ್ರ ನಾಲ್ಕು ಶಾಯಿಗಳ ಲೆಕ್ಕದಲ್ಲಿರುತ್ತದೆ. ನೆಟ್ಟಿನಲ್ಲಿ ಸಿಗುವುದು ಪರದೆಯ ಮೂರು ಬಣ್ಣಗಳ ಲೆಕ್ಕದಲ್ಲಿರುತ್ತದೆ. ಮೊದಲು ಅದನ್ನು ಬದಲಿಸಿದೆ. ಕೆಂಪು ಕೂಡಲೇ ಅಗ್ಗದ ಹೊಳಪಿಗೆ ಬಂತು, ಬೇಕಾದದ್ದೂ ಅದೇ. ಆಮೇಲೆ ರೆಸಲ್ಯೂಷನ್ ಇಳಿಸಿದೆ. ಹತ್ತಿರದಿಂದ ನೋಡಿದರೆ ಚುಕ್ಕೆಗಳು ಒಡೆಯುವಷ್ಟು. ಪೆನ್ಸಿಲಿನ ಗೆರೆ ಕೈಯದೆಂದು ಗೊತ್ತಾಗುವುದು ದಪ್ಪ ತೆಳುವಿನಲ್ಲಿ. ಎಲ್ಲ ಗೆರೆಗಳನ್ನೂ ಒಂದೇ ದಪ್ಪಕ್ಕೆ ತಂದೆ. ದಾಳಿಂಬೆ ಹೂವುಗಳು ಬೇರೆಬೇರೆಯಾಗಿದ್ದವು. ಒಂದನ್ನು ಉಳಿಸಿಕೊಂಡು ಉಳಿದ ಜಾಗಕ್ಕೆಲ್ಲ ಅದರ ನಕಲು ಕೂರಿಸಿದೆ. ತಿರುಗಿದ್ದ ಹಕ್ಕಿಯನ್ನು ಮುಂದಕ್ಕೆ ನೋಡುವಂತೆ ಮಾಡಿದೆ. ಲಗ್ನಪತ್ರಿಕೆಗಾಗಿ ಒಂದಿಷ್ಟು ತಿದ್ದಿ ಒಂದನ್ನು ತಿರುಗಿಸಿದ್ದು ಮಾತ್ರ ನನ್ನ ಕೆಲಸ ಎಂದು ಹೇಳಿದರೆ ಆ ಪ್ರಶ್ನೆಗೂ ಉತ್ತರವಾಯಿತು. ಯಾವ ಜಾಲತಾಣ ಎಂದು ಕೇಳಿದರೆ ನೆನಪಿಲ್ಲ ಎನ್ನಬಹುದು. ಯಾರಿಗೂ ನೆನಪಿರುವುದಿಲ್ಲ.

ಮುದ್ರಿಸಿ ನೋಡಿದೆ. ಅಚ್ಚುಕಟ್ಟಾಗಿದೆ. ಬಳ್ಳಿ ಎಲ್ಲಿಯೂ ತೊಡಕಿಲ್ಲದೆ ಹರಿಯುತ್ತದೆ, ಹಕ್ಕಿಗಳ ನಡುವಿನ ಅಂತರ ಸಮನಾಗಿದೆ. ಹಿಂದಿನದಕ್ಕಿಂತ ಇದೇ ವಾಸಿ. ಹಿಂದಿನದರಲ್ಲಿ ಆ ಒಂದು ಹಕ್ಕಿ ಕಣ್ಣಿಗೆ ತೊಡರುತ್ತಿತ್ತು.

ಮನೆಗೆ ಬಂದು ನೋಡಿದರೆ ಅಟ್ಟದ ಮೇಲಿದ್ದ ಕಟ್ಟಿನ ಗಾಜು ಒಡೆದಿತ್ತು. ಪೆನ್ಸಿಲ್ ಪ್ರತಿಯ ಹಾಳೆ ತೆಗೆದು ಒಲೆಗೆ ಹಾಕಿದೆ. ಸ್ನಾನಕ್ಕೆ ನೀರು ಕಾಯಿಸುವ ಹೊತ್ತು ಅದು.

ಡಿಸೆಂಬರ್ 16, ಮಂಗಳವಾರ

ಹನುಮೇಶ್ ಅವರು ಫೈಲ್ ನೋಡಿ, "ಲೇ, ನಂಗೇ ನಂಬಿಕೆ ಬಂತಲ್ಲೋ" ಎಂದು ನಕ್ಕರು. ಚಿತ್ರದುರ್ಗದಲ್ಲಿ ಹೊಸ ಶಾಖೆ ತೆರೆದರೆ ವಿನ್ಯಾಸ ವಿಭಾಗ ನನಗೇ ಎಂದಿದ್ದಾರೆ.

ಡಿಸೆಂಬರ್ 20, ಶನಿವಾರ

ದೂರು ಬಹುಮಟ್ಟಿಗೆ ಬಿದ್ದುಹೋಗಿದೆ. ಹೀಗೆಂದು ತಿಳಿಸಿದವರು ಹನುಮೇಶ್ ಅವರು. ಮೂರ್ತಪ್ಪನ ಹೇಳಿಕೆಯನ್ನು, ಕೆಲಸ ಕಳೆದುಕೊಂಡ ನೌಕರನ ಸಿಟ್ಟು ಎಂದು ಪರಿಗಣಿಸುವ ಸಾಧ್ಯತೆ ಇದೆಯಂತೆ. ಹೇಳಿಕೆ ಕೊಟ್ಟದ್ದು ಮೊದಲು, ಕೆಲಸ ಹೋದದ್ದು ಆಮೇಲೆ. ಆದರೆ ಎರಡೂ ಒಂದೇ ದಿನದ ಘಟನೆಗಳು. ಅನುಕ್ರಮದಲ್ಲಿ ಗೊಂದಲ ಸಹಜ.

ಮೂರ್ತಪ್ಪ ಸಿಕ್ಕಿದ್ದರು. ಬಸ್‌ಸ್ಟ್ಯಾಂಡ್ ಎದುರು ಏಣಿ ಹತ್ತಿ ಕಂಬಕ್ಕೆ ಫ್ಲೆಕ್ಸ್ ಕಟ್ಟುತ್ತಿದ್ದರು. ಹೊಳಲ್ಕೆರೆಯ ಪ್ರೆಸ್ಸೊಂದರಲ್ಲಿ ಕೆಲಸ ಕೇಳಿದ್ದರಂತೆ, ಅಲ್ಲಿಗೆ ಹನುಮೇಶ್ ಅವರ ಫೋನ್ ಮೊದಲೇ ಹೋಗಿತ್ತು. ಕಟ್ಟುತ್ತಿದ್ದ ಫ್ಲೆಕ್ಸ್ ಶಿವಯ್ಯನವರಿಗೆ ಅಭಿನಂದನೆ ಹೇಳುವಂಥದ್ದು. ಮೊನ್ನೆ ನಾನೇ ವಿನ್ಯಾಸ ಮಾಡಿ ಕಳಿಸಿದ್ದೆ.

"ಏನಪ್ಪ ಆರ್ಟಿಸ್ಟು" ಎಂದರು, ಏಣಿಯ ಮೇಲಿಂದಲೇ. "ನೆಟ್ಟಿಂದ ತಂದ್ಯಂತೆ."

"ವಿಚಾರಣೆ ನಡೀತೈತೆ, ಅದ್ರ ಬಗ್ಗೆ ಮಾತಾಡ್ಬಾರ್ದು."

"ಸರಿ ಬಿಡು. ಆ ನೆಟ್ಟು ನನ್ ಮಷಿನ್ ಪಕ್ಕ ಕುಂತ್ಕಂಡು ಮೂರ್ ವಾರ ಪೆನ್ಸಿಲ್ ಚೂಪು ಮಾಡ್ತಿತ್ತು. ಸಿಪ್ಪೆ ನಾನೇ ಗುಡಿಸಿದೀನಿ." ಹಲ್ಲಿನಲ್ಲಿ ಕಚ್ಚಿದ್ದ ಹುರಿಯನ್ನು ತೆಗೆದು ಗಂಟು ಹಾಕಿದರು. "ಆ ಕಡೆ ತುದಿ ಎಳ್ದು ಹಿಡ್ಕ. ಸುಕ್ಕು ಬಿದ್ದೈತೆ ಶಿವಯ್ಯನ ಮಖದಾಗೆ."

ಹಿಡಿದುಕೊಂಡೆ. ಅವರು ಕಟ್ಟಿ ಮುಗಿಸಿ ಇಳಿದರು. ಏಣಿ ಹೊತ್ತುಕೊಂಡು ಮುಂದಿನ ಕಂಬಕ್ಕೆ ಹೋದರು. ಸಿಟ್ಟು ಇಳಿದಿರುವಂತೆ ಕಂಡಿತು.

ಆ ಹೆಂಗಸು ಮಗಳನ್ನು ಶಾಲೆ ಬಿಡಿಸಿ ಮತ್ತೋಡಿನ ತವರುಮನೆಗೆ ಕಳಿಸಿದ್ದಾಳೆಂದು ದುರ್ಗೇಶ್ ಹೇಳಿದ. ಖಚಿತವಿಲ್ಲ.

ವಿಚಾರಣೆಯ ಮುಂದಿನ ದಿನ ಸೋಮವಾರ, 22ನೇ ತಾರೀಖು, ಬೆಳಿಗ್ಗೆ ಹನ್ನೊಂದು ಗಂಟೆ, ತಾಲ್ಲೂಕು ಕಚೇರಿ. ಚಿತ್ರದ ಮೂಲವನ್ನು ನಾನು ಸಲ್ಲಿಸಬೇಕು. ಸುಳ್ಳು ದೂರು ಕೊಟ್ಟ ಕಾರಣಕ್ಕೆ ಆಕೆಯ ಮೇಲೆ ಕ್ರಮ ಕೈಗೊಳ್ಳಬೇಕೆ ಎಂಬುದು ಆ ಬಳಿಕ ತೀರ್ಮಾನವಾಗಲಿದೆ.